ರಾತ್ರಿ ಸೋರದ ಬಟ್ಟೆ ಡೈಪರ್: ತಕ್ಕಡಿ ಇಟ್ಟುಕೊಂಡು ಮಾಡಿದ ರಿಪೇರಿ

ಹಗಲು ಹೊತ್ತು ಬಟ್ಟೆ ಡೈಪರ್‌ನಿಂದ ನಮಗೆ ತೊಂದರೆ ಇರಲಿಲ್ಲ. ಎರಡು ಎರಡೂವರೆ ಗಂಟೆಗೊಮ್ಮೆ ಬದಲಾಯಿಸಿದರೆ ಸಾಕು. ಕಷ್ಟ ಎಲ್ಲಾ ರಾತ್ರಿಯದು. ಒಂಬತ್ತಕ್ಕೆ ಮಲಗಿದ ಮಗ ಎರಡು ಮೂರು ಗಂಟೆ ಹೊತ್ತಿಗೆ ಒದ್ದೆಯಾಗಿ ಅಳುತ್ತಾ ಏಳುತ್ತಿದ್ದ. ಆಗ ಅಂಗಿ, ದುಪ್ಪಟಿ, ಕೆಳಗಿನ ಹಾಸು ಎಲ್ಲಾ ಬದಲಾಯಿಸಬೇಕು. ಅಷ್ಟರಲ್ಲಿ ಅವನ ನಿದ್ದೆ ಪೂರ್ತಿ ಹೋಗಿರುತ್ತಿತ್ತು. ಈಗ ಬೆಳಗ್ಗೆ ಆರರವರೆಗೂ ಹಾಸಿಗೆ ಒಣಗಿರುತ್ತದೆ. ನಡುವೆ ಏನೇನು ಮಾಡಿದೆವು, ಯಾವುದು ಕೈಕೊಟ್ಟಿತು, ಎಷ್ಟು ಖರ್ಚಾಯಿತು ಅಂತ ಕ್ರಮವಾಗಿ ಬರೆಯುತ್ತಿದ್ದೇನೆ. ಇದೇ ಕಷ್ಟದಲ್ಲಿ ಇರುವವರಿಗೆ ಒಂದು ರಾತ್ರಿಯ ನಿದ್ದೆಯಾದರೂ ಉಳಿಯಲಿ.

ಮಗುವಿಗೆ ಒಂಬತ್ತು ತಿಂಗಳು, ತೂಕ 8.4 ಕೆಜಿ. ರಾತ್ರಿ ಎದ್ದು ಎದೆಹಾಲು ಕುಡಿಯುತ್ತಾನೆ. ಊರು ತುಮಕೂರು. ಊರಿನ ಹೆಸರು ಯಾಕೆ ಹೇಳಿದೆ ಅಂದರೆ, ಇಲ್ಲಿನ ನೀರಿಗೂ ಈ ಕೆಲಸಕ್ಕೂ ಸಂಬಂಧ ಇದೆ.

ಮನೆಯಲ್ಲಿ ಇದ್ದಿದ್ದು ಪಾಕೆಟ್ ಡೈಪರ್‌ಗಳು. ಹೊರಗೆ ಪಿಯುಎಲ್, ಅಂದರೆ ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ನೀರು ದಾಟದ ತೆಳು ಪದರ ಅಂಟಿಸಿದ ಬಟ್ಟೆ. ಒಳಗೆ ಮೆತ್ತನೆಯ ಪಾಲಿಯೆಸ್ಟರ್. ಎರಡರ ನಡುವಿನ ಚೀಲಕ್ಕೆ ಮೈಕ್ರೋಫೈಬರ್ ಪ್ಯಾಡ್, ಅಂದರೆ ತುಂಬಾ ನವಿರಾದ ಕೃತಕ ಎಳೆಯ ಪ್ಯಾಡ್ ತೂರಿಸಬೇಕು. ರಾತ್ರಿಗೆ ನಾವು ಎರಡು ಪ್ಯಾಡ್ ಹಾಕುತ್ತಿದ್ದೆವು.

ಹಂತ 1: ತೂಕ ನೋಡಿದ್ದು (ಜೂನ್ ಮೊದಲ ವಾರ)

ಮೊದಲು ಹೊಳೆದಿದ್ದು ಇನ್ನೊಂದು ಪ್ಯಾಡ್ ತುರುಕೋಣ ಅಂತ. ತುರುಕಿದೆವು. ಸೋರುವುದು ಇನ್ನೂ ಜಾಸ್ತಿಯಾಯಿತು. ಸುಮ್ನೆ ಊಹೆ ಮಾಡಿದರೆ ಆಗಲ್ಲ ಅಂತ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದಿಟ್ಟುಕೊಂಡೆವು.

ಲೆಕ್ಕ ಸುಲಭ. ಮಲಗಿಸುವ ಮೊದಲು ಒಣ ಡೈಪರ್ ತೂಗಿ ಬರೆದಿಡಬೇಕು. ಬಿಚ್ಚಿದ ತಕ್ಷಣ ಮತ್ತೆ ತೂಗಬೇಕು. ಎಷ್ಟು ಗ್ರಾಂ ಜಾಸ್ತಿ ಬಂತೋ ಹೆಚ್ಚುಕಡಿಮೆ ಅಷ್ಟೇ ಮಿ.ಲೀ. ಉಚ್ಚೆ. ಅಂಗಿ, ದುಪ್ಪಟಿಯನ್ನೂ ಹೀಗೇ ತೂಗಿದೆವು.

ಡೈಪರ್ ಒಳಗೆ ನಿಂತಿದ್ದು 130ರಿಂದ 150 ಗ್ರಾಂ. ಅಂಗಿ ದುಪ್ಪಟಿಗೆ ಹೋಗಿದ್ದು 60ರಿಂದ 90. ಒಟ್ಟು ರಾತ್ರಿಗೆ 200ರಿಂದ 240 ಗ್ರಾಂ.

ಆಮೇಲೆ ಅದೇ ಎರಡು ಪ್ಯಾಡ್ ಒಗೆದು ಒಣಗಿಸಿ, ಬಕೆಟ್‌ನಲ್ಲಿ ಪೂರ್ತಿ ನೆನೆಸಿ, ಹಿಂಡದೆ ಎತ್ತಿ ಹಿಡಿದೆ. ತೊಟ್ಟಿಕ್ಕುವುದು ನಿಂತ ಮೇಲೆ ತೂಗಿದರೆ ಒಳಗೆ 310 ಗ್ರಾಂ ನೀರು! ಅಂದರೆ 310 ಹಿಡಿಯುವ ಪ್ಯಾಡ್ 140ಕ್ಕೇ ಸೋರುತ್ತಿತ್ತು. ಜಾಗ ಸಾಲದೆ ಸೋರುತ್ತಿಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಈ ಒಂದು ಅಳತೆ. ಹಾಸಿಗೆ ಒದ್ದೆಯಾದಾಗ ಪ್ಯಾಡ್ ತುಂಬಿತ್ತಾ, ಅರ್ಧವೇ ತುಂಬಿತ್ತಾ ಅಂತ ಗೊತ್ತಾಗದೆ ಹೊಸದು ಕೊಳ್ಳಲು ಹೋಗಬೇಡಿ. ತುಂಬಿದ್ದರೆ ಬಟ್ಟೆ ಸೇರಿಸಬೇಕು. ಅರ್ಧಕ್ಕೇ ಸೋರುತ್ತಿದ್ದರೆ ತೊಂದರೆ ಬೇರೆ ಕಡೆ ಇದೆ.

ಹಂತ 2: ರಾಗಿಹಿಟ್ಟಿನ ಪೊಟ್ಟಣದ ಪರೀಕ್ಷೆ

ಮಗು ಪ್ಯಾಡ್ ಮೇಲೆ ಮಲಗಿರುತ್ತದೆ, ಹೊರಳುತ್ತದೆ. ಹಾಗಾಗಿ ಬಕೆಟ್ ಪರೀಕ್ಷೆ ಒಂದೇ ಸಾಲದು, ಭಾರ ಹೇರಿ ನೋಡಬೇಕು.

ಒಂದು ಸ್ಟೀಲ್ ತಟ್ಟೆಯಲ್ಲಿ ಪ್ಯಾಡ್ ಇಟ್ಟೆ. 200 ಮಿ.ಲೀ. ಉಗುರು ಬೆಚ್ಚಗಿನ ನೀರನ್ನು ನಿಧಾನವಾಗಿ ಸುರಿದೆ. ಮೈಕ್ರೋಫೈಬರ್ ಗಟಗಟ ಅಂತ ಕುಡಿಯಿತು, ಒಂದು ತೊಟ್ಟೂ ಹೊರಗೆ ಬರಲಿಲ್ಲ. ಆಮೇಲೆ 2 ಕೆಜಿ ರಾಗಿಹಿಟ್ಟಿನ ಪೊಟ್ಟಣವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಪ್ಯಾಡ್ ಮೇಲಿಟ್ಟೆ. ಅಂಚಿನಿಂದ ನೀರು ಇಳಿದು ತಟ್ಟೆ ತುಂಬಾ ಹರಡಿತು. ಅಳತೆ ಲೋಟಕ್ಕೆ ಬಗ್ಗಿಸಿದರೆ 70 ಮಿ.ಲೀ. ಇತ್ತು. ರಾತ್ರಿ ದುಪ್ಪಟಿಗೆ ಹೋಗುತ್ತಿದ್ದಷ್ಟೇ.

ಮೈಕ್ರೋಫೈಬರ್ ನೀರನ್ನು ಬೇಗ ಎಳೆದುಕೊಳ್ಳುತ್ತದೆ, ಆದರೆ ಒತ್ತಿದರೆ ಬಿಟ್ಟುಬಿಡುತ್ತದೆ. ಹಗಲಿಗೆ ಅದು ಸರಿ. ಹತ್ತಿ ನಿಧಾನ, ಆದರೆ ಹಿಡಿದಿದ್ದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಳೆಯ ಪಂಚೆ ಮಡಚಿ ಅದೇ ತಟ್ಟೆಯಲ್ಲಿ ಇಟ್ಟು ಅದೇ ಪೊಟ್ಟಣ ಹೇರಿದಾಗ 25 ಮಿ.ಲೀ. ಮಾತ್ರ ಹೊರಬಂತು. ಒಳಗೆ ಹತ್ತಿಯೇ ಇರಲಿ ಅಂತ ತೀರ್ಮಾನ ಮಾಡಿದ್ದು ಆಗಲೇ.

ಮೈಕ್ರೋಫೈಬರ್ ಪ್ಯಾಡನ್ನು ಮಾತ್ರ ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಚರ್ಮದ ತೇವವನ್ನೂ ಎಳೆದು ಒರಟು ಮಾಡುತ್ತದೆ.

ಹಂತ 3: ಪ್ಯಾಡ್ ಹೊಲಿದಿದ್ದು

ಮೊದಲ ಪ್ಯಾಡ್ ಕೈಕೊಟ್ಟಿತು. ಹತ್ತಿ ಫ್ಲಾನಲ್, ಅಂದರೆ ಮೆತ್ತನೆಯ ದಪ್ಪ ಹತ್ತಿ ಬಟ್ಟೆ ತಂದು, 35 × 12 ಸೆಂ.ಮೀ. ಅಳತೆಗೆ ಎಂಟು ಪದರ ಜೋಡಿಸಿ ಸುತ್ತ ಹೊಲಿಗೆ ಹಾಕಿದ್ದೆ. ನೋಡಲು ಅಂಗಡಿಯದರ ಹಾಗೇ ಇತ್ತು. ಎರಡು ತೊಂದರೆ ಕಂಡಿತು.

ಒಂದು, ಹೊಸ ಫ್ಲಾನಲ್ ನೀರನ್ನೇ ಕುಡಿಯಲಿಲ್ಲ. ಚಮಚದಲ್ಲಿ ನೀರು ಬಿಟ್ಟರೆ ಹನಿ ಗುಂಡಗೆ ಮೇಲೆಯೇ ನಿಂತು, ಓರೆ ಮಾಡಿದರೆ ಜಾರಿ ಹೋಗುತ್ತಿತ್ತು. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಹತ್ತಿಯದೇ ಮೇಣದ ಅಂಶವೂ ಇರುತ್ತದೆ. ಬಿಸಿನೀರಲ್ಲಿ ಸೋಪುಪುಡಿ ಹಾಕಿ ಒಗೆದು ಒಣಗಿಸುವುದನ್ನು ಐದಾರು ಸಲ ಮಾಡಬೇಕು. ಪ್ರತಿ ಒಗೆತಕ್ಕೂ ಹನಿ ಬೇಗ ಬೇಗ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬಟ್ಟೆ ಸ್ವಲ್ಪ ಕುಗ್ಗುತ್ತದೆ ಕೂಡ. ಹಾಗಾಗಿ ಕತ್ತರಿಸುವ ಮೊದಲೇ ಒಗೆಯಬೇಕು.

ಇನ್ನೊಂದು, ಎಂಟು ಪದರ ಸೇರಿಸಿ ಹೊಲಿದರೆ ಒಣಗುವುದಿಲ್ಲ. ಜೂನ್ ತಿಂಗಳ ಮೋಡ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಹಿಸುಕಿದರೆ ನಡುವೆ ತಣ್ಣಗೆ. ಎರಡನೇ ದಿನಕ್ಕೆ ಮುಗ್ಗಲು ವಾಸನೆ. ಹೊಲಿಗೆ ಬಿಚ್ಚಿದೆ.

ಎರಡನೇ ಪ್ಯಾಡ್‌ಗೆ ದಾರಿ ತೋರಿಸಿದ್ದು ಅತ್ತೆ. "ಹೊಲಿಯೋದ್ಯಾಕಮ್ಮ? ಚೌಕ ಬಟ್ಟೆ ಇಟ್ಕೊ, ಮಡಚಿ ಹಾಕು, ಬಿಚ್ಚಿ ಒಗಿ. ಗಂಡುಮಗು ಅಲ್ವಾ, ಮುಂದಕ್ಕೆ ದಪ್ಪ ಬರ್ಲಿ" ಅಂದರು. ಹಿಂದೆ ಪಂಚೆ ಬಟ್ಟೆಯ ಲಂಗೋಟಿ ಕಟ್ಟುತ್ತಿದ್ದ ಲೆಕ್ಕವೇ ಅದು. ಒಂದು ಪದರ ಬಟ್ಟೆ ತಂತಿಗೆ ಹಾಕಿದರೆ ಮೋಡದ ದಿನವೂ ಸಂಜೆಗೆ ಒಣಗುತ್ತದೆ.

ಈಗ ಬಳಸುತ್ತಿರುವ ಅಳತೆ ಇದು:

ಫ್ಲಾನಲ್ 2 ಮೀಟರ್, ಅಗಲ 90 ಸೆಂ.ಮೀ. ಒಗೆದ ಮೇಲೆ 62 × 62ರ ಮೂರು ಚೌಕ ಕತ್ತರಿಸಿದೆ. ಅಂಚು ಮಡಚಿ ಹೊಲಿದರೆ 60 × 60 ಉಳಿಯುತ್ತದೆ. ಪಕ್ಕದಲ್ಲಿ ಉಳಿದ ಉದ್ದ ಪಟ್ಟಿಯಿಂದ ಮಗು ಒರೆಸುವ ತುಂಡುಗಳಾದವು.

ಚೌಕವನ್ನು ಉದ್ದಕ್ಕೆ ಐದು ಮಡಿಕೆ ಮಾಡಿದರೆ 12 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಪಟ್ಟಿ. ಅದರ ಒಂದು ತುದಿಯಿಂದ 25 ಸೆಂ.ಮೀ. ಮುಂದಕ್ಕೆ ಮಡಚಬೇಕು. ಆಗ ಒಟ್ಟು ಉದ್ದ 35. ಮುಂಭಾಗದಲ್ಲಿ ಹತ್ತು ಪದರ, ಹಿಂದೆ ಐದು. ಹೆಣ್ಣುಮಗುವಾದರೆ ಈ ಮಡಿಕೆಯನ್ನು ನಡುಭಾಗಕ್ಕೆ ಬರುವ ಹಾಗೆ ಮಾಡಿಕೊಳ್ಳಬೇಕು.

ಅದರ ಕೆಳಗೆ ಹಳೆಯ ಟರ್ಕಿ ಟವೆಲ್‌ನಿಂದ ಕತ್ತರಿಸಿದ ಪಟ್ಟಿ, 35 × 11, ಎರಡು ಪದರ. ಟವೆಲ್‌ನ ಈ ಎರಡು ಪದರವನ್ನು ಒಂದು ಕಿರಿದಾದ ಬದಿಯಲ್ಲಿ ಮಾತ್ರ ಸೇರಿಸಿದ್ದೇನೆ, ಒಗೆಯುವಾಗ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಟವೆಲ್ ಅಂಚು ಎಳೆ ಬಿಡುತ್ತದೆ, ಹಾಗಾಗಿ ಜಿಗ್‌ಜಾಗ್ ಹೊಲಿಗೆ ಬೇಕೇ ಬೇಕು.

ಎಲ್ಲಕ್ಕಿಂತ ಮೇಲೆ, ಚರ್ಮಕ್ಕೆ ತಾಗುವ ಕಡೆ, ಫ್ಲೀಸ್ ಅನ್ನುವ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆಯ ತೆಳು ಪಟ್ಟಿ. ಮಗುವಿನ ಹಳೆಯ ಹೊದಿಕೆಯಿಂದ ಕತ್ತರಿಸಿದ್ದು. ಫ್ಲೀಸ್ ತಾನು ಕುಡಿಯುವುದಿಲ್ಲ, ಕೆಳಗೆ ದಾಟಿಸುತ್ತದೆ. ಮೈಗೆ ಒದ್ದೆ ಅನ್ನಿಸುವುದು ಕಡಿಮೆ. ಅಂಚಿಗೆ ಹೊಲಿಗೆಯೂ ಬೇಡ.

ಒಣ ತೂಕ ಎಲ್ಲಾ ಸೇರಿ 95 ಗ್ರಾಂ. ತಟ್ಟೆಯಲ್ಲಿ 300 ಮಿ.ಲೀ. ಸುರಿದು ಪೊಟ್ಟಣ ಹೇರಿದಾಗ ಹೊರಬಂದಿದ್ದು 20 ಮಿ.ಲೀ.ಗೂ ಕಡಿಮೆ.

ಸುರಿಯುವ ವೇಗ ಒಂದು ಗಮನಿಸಬೇಕು. ನೀರನ್ನು ಒಮ್ಮೆಲೇ ಸುರಿದರೆ ಫ್ಲಾನಲ್ ಮೇಲೆ ಒಂದು ಕ್ಷಣ ನಿಂತು ಪಕ್ಕಕ್ಕೆ ಹರಿಯುತ್ತದೆ. ನಿದ್ದೆಯಲ್ಲಿ ಮಗು ಜೋರಾಗಿ ಹೊಯ್ದರೂ ಹಾಗೇ ಆಗುತ್ತದೆ. ಅದಕ್ಕೆ ನಿಮ್ಮ ಹತ್ತಿರ ಮೈಕ್ರೋಫೈಬರ್ ಇದ್ದರೆ ಎಸೆಯಬೇಡಿ. ಒಂದು ತೆಳು ಮೈಕ್ರೋಫೈಬರ್ ಪ್ಯಾಡ್, ಅದರ ಕೆಳಗೆ ಹತ್ತಿ, ಎಲ್ಲಕ್ಕಿಂತ ಮೇಲೆ ಫ್ಲೀಸ್ ಮರೆ ಇರಲಿ. ಮೇಲಿನದು ಬೇಗ ಹಿಡಿಯುತ್ತದೆ, ಕೆಳಗಿನದು ಅದರಿಂದ ಎಳೆದುಕೊಂಡು ಇಟ್ಟುಕೊಳ್ಳುತ್ತದೆ. ಉಲ್ಟಾ ಇಟ್ಟರೆ ಮತ್ತೆ ಒತ್ತಿದಾಗ ಸೋರುವುದೇ.

ಹಂತ 4: ಕವರ್

ಪ್ಯಾಡ್ ಸರಿಯಾದ ಮೇಲೂ ತೊಡೆಯ ಹತ್ತಿರ ಅಂಗೈ ಅಗಲದ ಒದ್ದೆ ಬರುತ್ತಲೇ ಇತ್ತು. ತೂಗಿದರೆ 15, 20 ಗ್ರಾಂ. ಟಾರ್ಚ್ ಹಿಡಿದು ನೋಡಿದಾಗ ಗೊತ್ತಾಯಿತು: ಪಾಕೆಟ್ ಡೈಪರಿನ ಒಳಬಟ್ಟೆ ಕಾಲಿನ ಎಲಾಸ್ಟಿಕ್ ಹತ್ತಿರ ಒಂದು ಗೆರೆಯಷ್ಟು ಹೊರಗೆ ಇಣುಕುತ್ತಿತ್ತು. ಆ ಗೆರೆ ಸಾಕು. ಒಳಗಿನ ಒದ್ದೆ ಅದರ ಮೂಲಕ ಹತ್ತಿ ಅಂಗಿಗೆ ಏರುತ್ತದೆ.

ರಾತ್ರಿಗೆ ಚೀಲ ಇಲ್ಲದ, ಒಳಗೂ ಹೊರಗೂ ಬರೀ ಪಿಯುಎಲ್ ಇರುವ ಕವರ್ ಬೇಕು. ಅದನ್ನು ಮನೆಯಲ್ಲೇ ಹೊಲಿಯೋಣ ಅಂತ ಅರ್ಧ ಮೀಟರ್ ಪಿಯುಎಲ್ ತಂದೆ. ಹೊಲಿದೆ. ಅದು ಹೊಲಿಗೆಯ ಸಾಲಿನುದ್ದಕ್ಕೂ ಸೋರಿತು. ಕಾರಣ ಎರಡು. ಹೊಲಿಗೆ ಮಿಷನ್‌ನಲ್ಲಿ ಹತ್ತಿ ದಾರ ಇತ್ತು, ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ದಾರ ಒದ್ದೆ ಎಳೆಯಿತು. ಜೊತೆಗೆ ಬಟ್ಟೆ ಜಾರದಿರಲಿ ಅಂತ ನಡುವೆ ಗುಂಡುಪಿನ್ನು ಚುಚ್ಚಿದ್ದೆ. ಪಿಯುಎಲ್‌ನಲ್ಲಿ ಒಮ್ಮೆ ಚುಚ್ಚಿದ ತೂತು ಮುಚ್ಚುವುದಿಲ್ಲ. ಹೊಲಿಯುವವರು ಪಾಲಿಯೆಸ್ಟರ್ ದಾರ, ನಿಟ್ ಬಟ್ಟೆಗೆ ಬಳಸುವ ಮೊಂಡು ತುದಿಯ ಸೂಜಿ, ಪಿನ್ ಬದಲು ಬಟ್ಟೆ ಒಣಗಿಸುವ ಕ್ಲಿಪ್ ಬಳಸಿ. ಹೊಲಿಗೆ ಬಿಚ್ಚಿ ಮತ್ತೆ ಅದೇ ಜಾಗದಲ್ಲಿ ಮಿಷನ್ ಹೊಲಿಗೆ ಹಾಕಬೇಡಿ, ತೂತು ಎರಡು ಪಟ್ಟಾಗುತ್ತದೆ. ನಾನು ಆ ಕವರ್ ಕೈಬಿಟ್ಟು, ಉಳಿದ ಬಟ್ಟೆಯನ್ನು ದುಪ್ಪಟಿ ಕೆಳಗೆ ಹಾಸಲು ಇಟ್ಟುಕೊಂಡೆ. ಕಾಲಿನ ಬಳಿ ಎರಡು ಸಾಲು ಎಲಾಸ್ಟಿಕ್ ಇರುವ ಒಂದು ಕವರ್ ಕೊಂಡೆ.

ಇನ್ನೊಂದು ಕವರ್ ಹಳೆಯದು, ನಮ್ಮ ನಾದಿನಿಯ ಮಗುವಿನದು. ಪಿಯುಎಲ್ ಚೆನ್ನಾಗಿತ್ತು, ಎಲಾಸ್ಟಿಕ್ ಸತ್ತುಹೋಗಿತ್ತು. ಎಳೆದರೆ ಕರಕರ ಅಂತ ಸದ್ದು, ವಾಪಸ್ ಬರುವುದಿಲ್ಲ. ಬದಲಾಯಿಸಿದ್ದು ಹೀಗೆ:

ಕಾಲಿನ ಅಂಚಿನ ಎರಡೂ ತುದಿಯಲ್ಲಿ 2 ಸೆಂ.ಮೀ. ಹೊಲಿಗೆ ಬಿಚ್ಚಿದೆ. ಎಲಾಸ್ಟಿಕ್ ತುದಿಗಳಲ್ಲಿ ಮಾತ್ರ ಹೊಲಿದಿತ್ತು, ನಡುವೆ ಸಡಿಲ. ಹಾಗಾಗಿ ಹಳೆಯದರ ತುದಿಗೆ ಹೊಸದನ್ನು ಸಣ್ಣ ಸೇಫ್ಟಿ ಪಿನ್‌ನಿಂದ ಸಿಕ್ಕಿಸಿ, ಆ ಕಡೆಯಿಂದ ಎಳೆದೆ. ಹಳೆಯದು ಹೊರಬರುತ್ತಾ ಹೊಸದು ಒಳಗೆ ಹೋಯಿತು. ಎಲಾಸ್ಟಿಕ್ ಅಗಲ 6 ಮಿ.ಮೀ. ಬಟ್ಟೆಯ ಉದ್ದ 26 ಸೆಂ.ಮೀ. ಮೊದಲು 14 ಸೆಂ.ಮೀ. ಎಲಾಸ್ಟಿಕ್ ಹಾಕಿದೆ. ಬಿಗಿಯಾಯಿತು, ಬೆಳಗ್ಗೆ ತೊಡೆಯಲ್ಲಿ ಕೆಂಪು ಗೆರೆ ಸ್ನಾನದ ಹೊತ್ತಿನವರೆಗೂ ಹೋಗಲಿಲ್ಲ. 16ಕ್ಕೆ ಬದಲಾಯಿಸಿದ ಮೇಲೆ ಸರಿಯಾಯಿತು. ಕಾಲುಚೀಲ ಬಿಚ್ಚಿದಾಗ ಕಾಣುವಂಥ ತೆಳು ಗುರುತು ಸ್ವಲ್ಪ ಹೊತ್ತಲ್ಲಿ ಮಾಯವಾದರೆ ಚಿಂತೆ ಇಲ್ಲ. ಹಾಗೇ ಉಳಿದರೆ ಸಡಿಲ ಮಾಡಿ.

ಹಂತ 5: ಹಾಕುವ ರೀತಿ

ಎಲಾಸ್ಟಿಕ್ ತೊಡೆಯ ಮೇಲೆ ಅಲ್ಲ, ತೊಡೆಸಂದಿನ ಮಡಿಕೆಯಲ್ಲಿ ಕೂರಬೇಕು. ಟಿಚ್ ಬಟನ್ ಹಾಕಿದ ಮೇಲೆ ಮಗುವಿನ ಮಂಡಿಯನ್ನು ಮೆಲ್ಲಗೆ ಹೊಟ್ಟೆಯ ಕಡೆ ಮಡಚಿ, ಎಲಾಸ್ಟಿಕ್ ಸುತ್ತ ಒಂದು ಬೆರಳು ಆಡಿಸಿ ನೋಡುತ್ತೇನೆ. ಪ್ಯಾಡ್ ಅಂಚು ಎಲ್ಲಾದರೂ ಬೆರಳಿಗೆ ಸಿಕ್ಕರೆ ಒಳಗೆ ತಳ್ಳುತ್ತೇನೆ. ಇದಕ್ಕೇ ಪ್ಯಾಡ್ 12 ಸೆಂ.ಮೀ.ಗಿಂತ ಅಗಲ ಬೇಡ. ಅಗಲವಾದರೆ ಎರಡೂ ಕಡೆ ಎಲಾಸ್ಟಿಕ್ಕನ್ನು ಮೈಯಿಂದ ಎತ್ತಿ ಹಿಡಿಯುತ್ತದೆ. ಮೂರು ಪ್ಯಾಡ್ ತುರುಕಿದಾಗ ಜಾಸ್ತಿ ಸೋರಿದ್ದು ಇದರಿಂದಲೇ.

ಒದ್ದೆ ಎಲ್ಲಿ ಬಂತು ಅನ್ನುವುದೂ ಕಾರಣ ಹೇಳುತ್ತದೆ. ತೊಡೆ ಹತ್ತಿರ ಬಂದರೆ ಎಲಾಸ್ಟಿಕ್ ಸಂದು ಬಿಟ್ಟಿದೆ ಅಥವಾ ಪ್ಯಾಡ್ ಇಣುಕಿದೆ. ಬೆನ್ನ ಹಿಂದೆ ಬಂದರೆ ಪ್ಯಾಡ್ ಹಿಂದೆ ಸಾಲದು, ಅಥವಾ ಪೂರ್ತಿ ತುಂಬಿದೆ. ಹೊಟ್ಟೆಯ ಮೇಲೆ ಬಂದರೆ ಗಂಡುಮಗುವಿನಲ್ಲಿ ಬಹಳ ಸಲ ಕಾರಣ ಒಂದೇ, ಶಿಶ್ನ ಮೇಲ್ಮುಖವಾಗಿ ಉಳಿದಿರುತ್ತದೆ. ಹಾಕುವಾಗ ಕೆಳಕ್ಕೆ ಮಾಡಿ ಹಾಕಬೇಕು. ಹೊಟ್ಟೆಯ ಕಡೆಯ ಇನ್ನೊಂದು ಕಾರಣ ಜಬಲ. ಅದರ ತುದಿ ಕವರ್ ಒಳಗೆ ಸಿಕ್ಕಿಕೊಂಡರೆ ಎದೆಯವರೆಗೂ ಒದ್ದೆ ಏರುತ್ತದೆ. ನಮ್ಮವರು ಕತ್ತಲಲ್ಲಿ ಹಾಕಿದ ರಾತ್ರಿ ಹಾಗೇ ಆಗುತ್ತಿತ್ತು. ಈಗ ಜಬಲ ಮೇಲೆತ್ತಿ, ಕವರ್ ಹಾಕಿ, ಆಮೇಲೆ ಇಳಿಸುತ್ತಾರೆ. ತೊಡೆಸಂದಿನಲ್ಲಿ ಬಟನ್ ಬರುವ ಬಿಗಿ ಅಂಗಿಗಳೂ ರಾತ್ರಿಗೆ ಬೇಡ, ಪ್ಯಾಡನ್ನು ಒತ್ತಿ ಹಿಂಡುತ್ತವೆ.

ರಾತ್ರಿ ಹಾಲು ಕಡಿಮೆ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಸರಿಮಾಡಬೇಕಾಗಿರುವುದು ಬಟ್ಟೆಯನ್ನು. ಮಗುವಿನ ಹಸಿವಿಗೂ ಅದಕ್ಕೂ ಸಂಬಂಧ ಇಲ್ಲ.

ಹಂತ 6: ಮತ್ತೆ ಸೋರಿಕೆ, ಈ ಸಲ ನೀರಿನಿಂದ (ಆಗಸ್ಟ್)

ಎಲ್ಲಾ ಸರಿಹೋಯಿತು ಅಂದುಕೊಂಡಾಗ ಮತ್ತೆ ಶುರುವಾಯಿತು. ತೂಗಿದರೆ ಪ್ಯಾಡ್‌ನಲ್ಲಿ 120 ಗ್ರಾಂ ಮಾತ್ರ. ಎಲಾಸ್ಟಿಕ್ ಸರಿ ಇದೆ. ಫ್ಲಾನಲ್ ಮುಟ್ಟಿದರೆ ಹಪ್ಪಳದ ಥರ ಗಟ್ಟಿ. ಚಮಚದ ನೀರು ಬಿಟ್ಟರೆ ಹನಿ ಮತ್ತೆ ಮೇಲೆ ನಿಂತಿತು.

ನಮಗೆ ನಲ್ಲಿಯಲ್ಲಿ ಹೇಮಾವತಿ ನೀರು ಬರುತ್ತದೆ, ಬುಗುಡನಹಳ್ಳಿ ಕೆರೆಯಿಂದ. ಅದು ಬಾರದ ದಿನ ಬೋರ್‌ವೆಲ್ ನೀರು. ಬೋರ್ ನೀರು ಗಡಸು, ಸೋಪು ನೊರೆಯೇ ಬರುವುದಿಲ್ಲ. ಸುಣ್ಣದ ಅಂಶ ಮತ್ತು ತೊಳೆದುಹೋಗದ ಸೋಪು ಎಳೆಗಳ ಮೇಲೆ ಕೂತುಬಿಡುತ್ತದೆ. ಇದಕ್ಕೆ ಎಣ್ಣೆಯೂ ಸೇರಿತ್ತು. ಮಗುವಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಸಂದಿಗೆ ಮತ್ತೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆವು. ಬಟ್ಟೆಗೆ ಅಂಟಿದ ಎಣ್ಣೆ ನೀರನ್ನು ತಳ್ಳುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಕೂಡ ಇದೇ ಕೆಲಸ ಮಾಡುತ್ತದೆ, ಡೈಪರ್‌ಗೆ ಅದು ಬೇಡವೇ ಬೇಡ.

ಪರಿಹಾರ: ಪ್ಯಾಡ್‌ಗಳನ್ನು ಮಾತ್ರ ಬಕೆಟ್‌ಗೆ ಹಾಕಿ, ಕೈ ಇಡಲಾಗದಷ್ಟು ಬಿಸಿನೀರು, ಸೋಪುಪುಡಿ, ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ. ನೀರು ತಣ್ಣಗಾಗುವವರೆಗೆ ಬಿಟ್ಟೆ. ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಆಮೇಲೆ ನಲ್ಲಿ ನೀರಿನಲ್ಲಿ ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ ಬಿಸಿಲಿಗೆ ಹಾಕಿದೆ. ಹನಿ ಮತ್ತೆ ತಕ್ಷಣ ಇಳಿಯತೊಡಗಿತು. ಈಗ ಹನಿ ಪರೀಕ್ಷೆ ಮಾಡಿ, ಬೇಕಾದಾಗ ಮಾತ್ರ ಹೀಗೆ ಮಾಡುತ್ತೇನೆ. ಪ್ರತಿ ಸಲ ಸೋಡಾ ಹಾಕಿದರೆ ಬಟ್ಟೆ ಸವೆಯುತ್ತದೆ. ವಾಷಿಂಗ್ ಸೋಡಾಕ್ಕೆ ಬರಿಗೈ ಹಾಕಬೇಡಿ.

ಪಿಯುಎಲ್ ಕವರನ್ನು ಈ ಬಿಸಿನೀರಿಗೆ ಸೇರಿಸಬಾರದು, ಪದರ ಎದ್ದು ಬರುತ್ತದೆ. ಇಸ್ತ್ರಿಯೂ ಕೂಡದು. ಕವರ್ ತಣ್ಣೀರಲ್ಲಿ ಒಗೆದು ನೆರಳಿಗೆ ಹಾಕಿದರೆ ಸಾಕು. ಬಿಸಿಲಿನಲ್ಲಿ ಕಾದಿರುವಾಗ ಎಲಾಸ್ಟಿಕ್ ಎಳೆದರೆ ಬೇಗ ಸಾಯುತ್ತದೆ.

ದಿನದ ಒಗೆತ: ಬೆಳಗ್ಗೆ ಬಿಚ್ಚಿದ ತಕ್ಷಣ ತಣ್ಣೀರಲ್ಲಿ ಜಾಲಿಸುವುದು, ಆಮೇಲೆ ಬಿಸಿನೀರಲ್ಲಿ ಸೋಪು, ಕೊನೆಗೆ ಎರಡು ಸಲ ಶುದ್ಧ ನೀರು. ರಾತ್ರಿ ಕಕ್ಕ ಮಾಡಿದರೆ ನಿದ್ದೆಯಲ್ಲಿದ್ದರೂ ಆಗಲೇ ಬದಲಾಯಿಸುತ್ತೇವೆ. ಚರ್ಮ ಕೆಂಪಾದ ದಿನ ಜಿಂಕ್ ಮುಲಾಮು ಹಚ್ಚಲೇಬೇಕಾದರೆ, ಫ್ಲೀಸ್ ಪಟ್ಟಿಯ ಬದಲು ಹಳೆಯ ಪಂಚೆಯ ತುಂಡು ಹಾಕಿ, ಅದನ್ನು ಬೇರೆಯಾಗಿ ಒಗೆಯುತ್ತೇವೆ.

ಖರ್ಚು

ಫ್ಲಾನಲ್ 2 ಮೀಟರ್ 280 ರೂಪಾಯಿ. ಕೊಂಡ ಕವರ್ 360. ಪಿಯುಎಲ್ ಅರ್ಧ ಮೀಟರ್ 260. ಎಲಾಸ್ಟಿಕ್ 30. ಪಾಲಿಯೆಸ್ಟರ್ ದಾರ 20. ಟವೆಲ್, ಫ್ಲೀಸ್ ಮನೆಯವೇ. ಒಟ್ಟು 950. ಪಿಯುಎಲ್ ತರದಿದ್ದರೆ 690ಕ್ಕೆ ಮುಗಿಯುತ್ತಿತ್ತು.

ಈಗಿನ ಸ್ಥಿತಿ

ಸಾಮಾನ್ಯ ರಾತ್ರಿಗೆ ತೂಕ 220ರ ಆಸುಪಾಸು, ಹಾಸಿಗೆ ಒಣ. ಚಳಿ ಶುರುವಾದ ಮೇಲೆ ಕೆಲವು ದಿನ 280 ದಾಟುತ್ತಿದೆ. ಆ ದಿನಗಳಿಗೆ ಟವೆಲ್‌ನ ಇನ್ನೊಂದು ಸಣ್ಣ ಪಟ್ಟಿ, 18 × 11, ಮುಂಭಾಗದಲ್ಲಿ ಮಾತ್ರ ಸೇರಿಸುತ್ತೇನೆ. ನಡುವೆ ದಪ್ಪ ಆಗುವುದಿಲ್ಲ, ಕಾಲಿನ ಎಲಾಸ್ಟಿಕ್ ಎದ್ದೇಳುವುದಿಲ್ಲ. ಬಾಕಿ ಇರುವುದು ಹಳೆಯ ಕವರಿನ ಬೆನ್ನಿನ ಎಲಾಸ್ಟಿಕ್. ಅದನ್ನು ಬಟ್ಟೆಗೆ ಉದ್ದಕ್ಕೂ ಸೇರಿಸಿ ಹೊಲಿದಿದ್ದಾರೆ, ಎಳೆದು ತೆಗೆಯಲು ಬರುವುದಿಲ್ಲ. ಪೂರ್ತಿ ಬಿಚ್ಚಿದರೆ ಪಿಯುಎಲ್‌ನಲ್ಲಿ ತೂತು ಜಾಸ್ತಿ ಆಗುತ್ತದೆ. ಹಾಗಾಗಿ ಅದರ ಒಳಮಗ್ಗುಲಿಗೆ ಬೇರೆ ಬಟ್ಟೆಯ ಕಿರುಪಟ್ಟಿ ಇಟ್ಟು, ಹಳೆಯ ತೂತುಗಳ ಮೇಲೆಯೇ ಕೈಹೊಲಿಗೆ ಹಾಕಿ, ಅದರೊಳಗೆ ಹೊಸ ಎಲಾಸ್ಟಿಕ್ ತೂರಿಸುವ ಯೋಚನೆ ಇದೆ. ಬಟ್ಟೆ ಕತ್ತರಿಸಿ ಇಟ್ಟಿದ್ದೇನೆ, ಪಟ್ಟಿಯ ಅಗಲ 2 ಸೆಂ.ಮೀ.